ಪಾರ್ಕಿಗೆ ಬರೀ ಮೂವತ್ತು ಕಿಲೋಮೀಟರ್

ನಾನು ಹತ್ತೊಂಬತ್ತು ವರ್ಷಗಳಿಂದ ಯಲಹಂಕದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಭೂಪಟದ ಪ್ರಶ್ನೆಯಲ್ಲಿ ನನ್ನ ಮಕ್ಕಳು ಅಂಕ ಕಳೆದುಕೊಂಡ ಉದಾಹರಣೆಯೇ ಇಲ್ಲ. ನದಿ ಯಾವುದು, ರೈಲು ಮಾರ್ಗ ಯಾವುದು, ಗಡಿ ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳುವಷ್ಟು ತಯಾರಿ ಮಾಡಿಸುತ್ತೇನೆ. ಭೂಪಟವನ್ನು ಕಣ್ಣು ಮುಚ್ಚಿಕೊಂಡೇ ನೋಡುವ ಅಭ್ಯಾಸ ನನಗೂ ಅಂಟಿದೆ ಎಂದು ತಿಳಿದದ್ದು ಮಾತ್ರ ಈ ಬೇಸಿಗೆ ರಜೆಯಲ್ಲಿ!

ನಮ್ಮದು ಬ್ಯಾಟರಾಯನಪುರದಲ್ಲಿ ಮೂರು ಅಂತಸ್ತಿನ ಮನೆ. ಕೆಳಗೆ ನನ್ನ ಗಂಡನ ಅಣ್ಣ ನಂಜುಂಡಪ್ಪ ಭಾವ ಮತ್ತು ಓರಗಿತ್ತಿ ಜಯಕ್ಕ, ಮಧ್ಯದಲ್ಲಿ ನಾವು, ಮೇಲೆ ಮೈದುನ ರವಿಯ ಸಂಸಾರ. ಅತ್ತೆ ಗಂಗಮ್ಮನವರಿಗೆ ಮೂರು ಅಂತಸ್ತೂ ಸ್ವಂತ. ತಿಂಡಿ ಕೆಳಗೆ, ಊಟ ನಮ್ಮಲ್ಲಿ, ಧಾರಾವಾಹಿ ಮೇಲೆ. ಒಂದು ಕಾಲಕ್ಕೆ ಈ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಬಾಡಿಗೆ ಬೆಳೆಯುತ್ತದೆ.

ಎರಡು ವರ್ಷದ ಹಿಂದೆ ಅಣ್ಣತಮ್ಮಂದಿರಿಗೆ ಪಾಲಾಯಿತು. ಜಮೀನು, ಅಂಗಡಿ, ಸೈಟುಗಳನ್ನೆಲ್ಲ ನಗುನಗುತ್ತಾ ಹಂಚಿಕೊಂಡವರು, ಬೋರ್‌ವೆಲ್ ಮೋಟರಿನ ಸ್ವಿಚ್ ಯಾರ ಮನೆಯಲ್ಲಿರಬೇಕು ಎಂಬ ಮಹತ್ವದ ವಿಷಯ ಬಂದಾಗ ಜಗಳವಾಡಿಕೊಂಡರು. ಅಂದಿನಿಂದ ಭಾವನಿಗೂ ನಮ್ಮವರಿಗೂ ನೇರ ಮಾತಿಲ್ಲ. ಏನಿದ್ದರೂ ನಮ್ಮ ಮಗಳು ಧನ್ಯಾಳ ಮೂಲಕ.

"ಧನ್ಯಾ, ಮೋಟರ್ ಹಾಕಿದೀನಿ ಅಂತ ನಿಮ್ಮಪ್ಪಂಗೆ ಹೇಳು."

"ಸರಿ ಅಂತ ನಿಮ್ ದೊಡ್ಡಪ್ಪಂಗೆ ಹೇಳು."

ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು.

ಅತ್ತೆಗೆ ಎಪ್ಪತ್ತು ತುಂಬಿದ ದಿನ ಮೂವರು ಮಕ್ಕಳೂ ಬೇರೆ ಬೇರೆಯಾಗಿ ಬಂದು, ಬೇರೆ ಬೇರೆ ಸೀರೆ ಕೊಟ್ಟು, ಇನ್ನೇನು ಬೇಕು ಎಂದು ಕೇಳಿದರು. ಅತ್ತೆ ಸೀರೆಗಳನ್ನು ಪಕ್ಕಕ್ಕೆ ಸರಿಸಿ, "ನನ್ಗೆ ಸೀರೆ ಬ್ಯಾಡ, ಒಡವೆ ಬ್ಯಾಡ. ನಾನು ಕಣ್ಮುಚ್ಚೋದ್ರೊಳ್ಗೆ ಎಲ್ರೂ ಒಂದ್ಸಲ ಒಟ್ಗೆ ಎಲ್ಲಿಗಾದ್ರೂ ಓಗ್ಬರಾನ" ಎಂದರು.

ಅವರ ಮನಸ್ಸಿನಲ್ಲಿದ್ದದ್ದು ಮಾದಪ್ಪನ ಬೆಟ್ಟ. ಆದರೆ ಮನೆಯಲ್ಲಿ ನಾಲ್ಕು ಮಕ್ಕಳಿವೆ. ಭಾವನ ಕಾಲೇಜು ಓದುವ ಮಗಳು, ನಮ್ಮ ಧನ್ಯಾ, ರವಿಯ ಅವಳಿ ಗಂಡುಮಕ್ಕಳು. ನಾಲ್ವರೂ ಒಂದೇ ಧ್ವನಿಯಲ್ಲಿ ಸಿಂಗಾಪೂರ್‌ನ ಥೀಮ್ ಪಾರ್ಕು ಎಂದು ಕಿರುಚಿದವು. ಭಾವ ಗಂಟಲು ಸರಿಮಾಡಿಕೊಂಡು ನಿರಾಕರಿಸುವಷ್ಟರಲ್ಲಿ ಅತ್ತೆಯೇ ತೀರ್ಪು ಕೊಟ್ಟರು.

"ನನ್ ತವ್ರೂರೇ ಸಿಂಗಾಪುರ. ವಿದ್ಯಾರಣ್ಯಪುರದ ಮಗ್ಗುಲ್ದು. ಇನ್ನೊಂದು ಸಿಂಗಾಪುರಾನೂ ನೋಡೇ ಬಿಡಾನ, ನಡೀರಿ."

ಹೀಗೆ ನಿರ್ಣಯವು ಸರ್ವಾನುಮತದಿಂದ ಅಂಗೀಕಾರವಾಯಿತು. ಒಟ್ಟು ಹನ್ನೊಂದು ಜನ. ಭಾವ ಆರ್.ಟಿ. ನಗರದ ಒಬ್ಬ ಟ್ರಾವೆಲ್ ಏಜೆಂಟನ್ನು ಕೇಳಿಕೊಂಡು ಬಂದರು. ಅವನು ಹೇಳಿದ ಮೊತ್ತ ಕೇಳಿ ಜಯಕ್ಕ ಕುರ್ಚಿಯ ಮೇಲೆ ಕೂತುಬಿಟ್ಟರು. ಆಗ ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು.

"ಭಾವ, ಏಜೆಂಟ್ ಯಾಕೆ? ಎಲ್ಲಾ ಇಂಟರ್ನೆಟ್ಟಲ್ಲೇ ಸಿಗುತ್ತೆ. ಅರ್ಧ ದುಡ್ಡಲ್ಲಿ ನಾನ್ ಮಾಡಿಸ್ತೀನಿ."

"ನೋಡಮ್ಮ ಸುಧಾ, ಹನ್ನೊಂದ್ ಜನ. ಹೊರದೇಶ. ತಮಾಷೆ ಅಲ್ಲ."

"ಭೂಗೋಳ ಪಾಠ ಮಾಡೋಳು ಭಾವ ನಾನು!"

ನಮ್ಮವರು ಮೆಲ್ಲಗೆ ನನ್ನ ಸೆರಗು ಎಳೆದರು. ಆ ಸನ್ನೆಯ ಅರ್ಥ ನನಗೆ ಗೊತ್ತಿತ್ತು. 'ಏನಾದರೂ ಎಡವಟ್ಟಾದರೆ ಅಣ್ಣ ಇನ್ನೂ ಎರಡು ವರ್ಷ ಮಾತಾಡಲ್ಲ ಕಣೇ' ಎಂದು ಅದರ ಅರ್ಥ. ನಾನು ಸೆರಗು ಬಿಡಿಸಿಕೊಂಡೆ.

ಎರಡು ತಿಂಗಳು ನಾನು ಊಟ ಮಾಡಿದ್ದೂ ಲ್ಯಾಪ್‌ಟಾಪ್ ಮುಂದೆಯೇ. ಹನ್ನೊಂದು ಸಾಲು, ಇಪ್ಪತ್ತಾರು ಕಾಲಂ ಇರುವ ಒಂದು ಪಟ್ಟಿ ಮಾಡಿದೆ. ಪಾಸ್‌ಪೋರ್ಟ್ ಸಂಖ್ಯೆ, ಊಟದ ಪಥ್ಯ, ಕಿಟಕಿ ಸೀಟು ಯಾರಿಗೆ, ಯಾರಿಗೆ ಬಸ್ಸಿನಲ್ಲಿ ವಾಂತಿ, ಎಲ್ಲವೂ ಅದರಲ್ಲಿತ್ತು. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು. ವೀಸಾ ಬಂತು. ಪಾರ್ಕಿನ ಟಿಕೆಟ್ಟನ್ನು ನಾವು ಇಳಿದ ಮಾರನೇ ದಿನಕ್ಕೆ ಮಾಡಿಸಿದೆ. ಒಂದು ದಿನದ ಟಿಕೆಟ್, ದಿನ ಬದಲಾಯಿಸುವಂತಿಲ್ಲ, ದುಡ್ಡು ವಾಪಸ್ ಇಲ್ಲ. ಹೋಟೆಲನ್ನೂ ಮಾಡಿಸಿದೆ. ಸಿಂಗಾಪೂರ್‌ನೊಳಗೇ, ಸ್ವಲ್ಪ ದುಬಾರಿ. ಒಂದೇ ಒಂದು ತಪ್ಪಿಲ್ಲದೆ ಎಲ್ಲ ಮುಗಿಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹೊರಡುವುದಕ್ಕೆ ಎರಡು ದಿನ ಇರುವಾಗ, ಅರ್ಜಿ ಗಿರ್ಜಿ ಎಲ್ಲ ತುಂಬಿಯಾದ ಮೇಲೆ, ಸುಮ್ಮನೆ ಕೈ ಕಡಿಯಿತು. ಮತ್ತೊಮ್ಮೆ ಹೋಟೆಲುಗಳನ್ನು ನೋಡಿದೆ. ಕೊನೆ ಕ್ಷಣದ ರಿಯಾಯಿತಿಯಲ್ಲಿ ಒಂದು ಹೋಟೆಲ್ ಹೊಳೆಯಿತು. ಈಜುಕೊಳ, ಬೆಳಗಿನ ತಿಂಡಿ, ನಾಲ್ಕು ದೊಡ್ಡ ರೂಮು! ನಾನು ಮೊದಲು ಮಾಡಿಸಿದ್ದ ಹೋಟೆಲಿನಲ್ಲಿ ಒಂದು ರೂಮಿಗೆ ಕೇಳುತ್ತಿದ್ದ ದುಡ್ಡಿಗೆ ಇಲ್ಲಿ ನಾಲ್ಕೂ ಬರುತ್ತಿದ್ದವು. ಜಾಗದ ಹೆಸರು ಜೋಹೋರ್ ಬಾರು. ನಮ್ಮಲ್ಲಿ ಕೆಂಪಾಪುರ, ಕೊಡಿಗೆಹಳ್ಳಿ ಇಲ್ಲವೇ, ಹಾಗೆ ಸಿಂಗಾಪೂರ್‌ನಲ್ಲಿ ಅದೊಂದು ಬಡಾವಣೆ ಎಂದುಕೊಂಡೆ. ರೂಪಾಯಿಯ ಬೆಲೆಯ ಪಕ್ಕದಲ್ಲಿ ಸಣ್ಣದಾಗಿ ಆರ್‌ಎಮ್ ಎಂದು ಇನ್ನೊಂದು ಅಂಕಿ ಇತ್ತು. ಆರ್‌ಎಮ್ ಎಂದರೆ ರೂಮ್ ಎಂದುಕೊಂಡೆ.

ಹಾಗಂತ ಭೂಪಟ ನೋಡಲಿಲ್ಲವೇ? ನೋಡಿದೆ! ಪಾರ್ಕಿಗೆ ಬರೀ ಮೂವತ್ತು ಕಿಲೋಮೀಟರ್. ನಡುವೆ ಒಂದು ನೀಲಿ ಪಟ್ಟಿ, ಅದರ ಮೇಲೊಂದು ರಸ್ತೆ. ನಮ್ಮ ಹೆಬ್ಬಾಳದ ಹಾಗೆ, ಕೆರೆ ಪಕ್ಕದ ಫ್ಲೈಓವರ್ ಇರಬೇಕು ಎಂದುಕೊಂಡೆ. ಆ ನೀಲಿಯ ಮಧ್ಯದಲ್ಲಿ ಚುಕ್ಕೆ ಚುಕ್ಕೆಯಾಗಿ ಒಂದು ಗೆರೆ ಇತ್ತು.

ಅದನ್ನು ಕಾಮಗಾರಿ ನಡೆಯುತ್ತಿರುವ ಮೆಟ್ರೋ ಎಂದುಕೊಂಡೆ.

ಹಳೇ ಹೋಟೆಲ್ ರದ್ದು ಮಾಡಿ ಹೊಸದಕ್ಕೆ ಪೂರ್ತಿ ದುಡ್ಡು ಕಟ್ಟಿದೆ. ಅದೂ ವಾಪಸ್ ಇಲ್ಲದ ಷರತ್ತಿನ ಮೇಲೆ. ಅಂದು ನಾನು ಎಷ್ಟು ಬೀಗಿದ್ದೆನೆಂದರೆ, ಕೆಳಗಿಳಿದು ಹೋಗಿ ಭಾವನಿಗೆ, "ಇನ್ನೂ ದುಡ್ಡು ಉಳಿಸಿದೀನಿ ಭಾವ" ಎಂದು ವರದಿ ಒಪ್ಪಿಸಿ ಬಂದೆ. ಭಾವ ಮೊದಲ ಬಾರಿಗೆ ತಲೆದೂಗಿದರು.

ವಿಮಾನ ಮಧ್ಯಾಹ್ನ ಸಿಂಗಾಪೂರ್‌ನಲ್ಲಿ ಇಳಿಯಿತು. ಪಾಸ್‌ಪೋರ್ಟ್ ನೋಡುವ ಕೌಂಟರಿನಲ್ಲಿ ಅತ್ತೆಯದೇ ಒಂದು ಪ್ರಸಂಗವಾಯಿತು. ಅವರ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಸಿಂಗಾಪುರ ಎಂದಿತ್ತಲ್ಲ, ಅದನ್ನು ನೋಡಿದ ಅಧಿಕಾರಿ ಹುಬ್ಬೇರಿಸಿದ. ಹೆಸರು ನೋಡಿದರೆ ತಮಿಳಿನವನು. ಇಲ್ಲೇ ಹುಟ್ಟಿದ್ದಾ ಎಂದು ತಮಿಳಿನಲ್ಲೇ ಕೇಳಿದ. ಅತ್ತೆ ಇಪ್ಪತ್ತು ವರ್ಷ ಯಶವಂತಪುರ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿದವರು. ಸೊಗಸಾದ ತಮಿಳಿನಲ್ಲಿ, ಇದಲ್ಲಪ್ಪ, ನಮ್ಮೂರು ಬೇರೆ, ನಮ್ಮೂರಲ್ಲಿ ದೊಡ್ಡ ಕೆರೆ ಇದೆ, ನಿಮ್ಮೂರಲ್ಲಿ ಇದೆಯಾ ಎಂದು ವಿಚಾರಿಸಿದರು. ಅವನು ನಗುತ್ತಾ ಮುದ್ರೆ ಹಾಕಿದ. ನನಗೋ ಜಗತ್ತನ್ನೇ ಗೆದ್ದ ಖುಷಿ.

ಹೊರಗೆ ಬಂದು, ಹನ್ನೊಂದು ಜನ ಮತ್ತು ಹದಿನೇಳು ಚೀಲಗಳು ಹಿಡಿಸುವಂಥ ದೊಡ್ಡ ವ್ಯಾನ್ ಹುಡುಕಿ, ಚಾಲಕನಿಗೆ ಫೋನಿನಲ್ಲಿದ್ದ ಹೋಟೆಲ್ ವಿಳಾಸ ತೋರಿಸಿದೆ. ಆತ ನೋಡಿದ. ನನ್ನನ್ನು ನೋಡಿದ. ಸಾಲಾಗಿ ನಿಂತ ನಮ್ಮ ಸೈನ್ಯವನ್ನು ನೋಡಿದ. ಆಮೇಲೆ ಫೋನನ್ನು ಅತ್ತೆಗೆ ತೋರಿಸಿ, ಬಹಳ ಮರ್ಯಾದೆಯಿಂದ ತಮಿಳಿನಲ್ಲಿ ಹೇಳಿದ.

"ಅಮ್ಮಾ, ಇದು ಸಿಂಗಪ್ಪೂರ್ ಇಲ್ಲೀಂಗ. ಮಲೇಷಿಯಾ."

ಅತ್ತೆ ನನ್ನ ಕಡೆ ತಿರುಗಿದರು. "ಏನಂತಾನೆ ಇವ್ನು? ನಾವು ಇಳ್ದಿದ್ದು ಯಾವ ದೇಸ, ಮಲ್ಗೋದು ಯಾವ ದೇಸ?"

ಹತ್ತು ಜೋಡಿ ಕಣ್ಣುಗಳು ನನ್ನ ಮೇಲೆ. ಚಾಲಕ ವಿವರಿಸಿದ. ಈ ದೇಶದ ಉತ್ತರದ ತುದಿಗೆ ಹೋಗಬೇಕು, ಅಲ್ಲಿ ಗಡಿ, ಗಡಿಯ ಮೇಲೆ ಸೇತುವೆ, ಸೇತುವೆಯ ಆಚೆ ನಿಮ್ಮ ಹೋಟೆಲ್. ನನ್ನ ವ್ಯಾನ್ ಆ ಕಡೆ ಬರುವ ಹಾಗಿಲ್ಲ, ಗಡಿಯಿಂದ ಬಸ್ಸು ಹಿಡಿಯಿರಿ. ಮಲೇಷ್ಯಾಕ್ಕೆ ನಿಮಗೆ ವೀಸಾ ಬೇಡ, ಅದೊಂದು ನಿಮ್ಮ ಪುಣ್ಯ.

ಆರ್‌ಎಮ್ ಎಂದರೆ ರೂಮಲ್ಲ, ಮಲೇಷ್ಯಾದ ದುಡ್ಡು ರಿಂಗಿಟ್! ನನಗೆ ಆ ಚುಕ್ಕೆ ಗೆರೆ ಕಣ್ಣ ಮುಂದೆ ಬಂತು. ಹತ್ತೊಂಬತ್ತು ವರ್ಷ! ಪ್ರತಿ ವರ್ಷ ಮೂರು ಸೆಕ್ಷನ್! 'ಅಂತರರಾಷ್ಟ್ರೀಯ ಗಡಿಯನ್ನು ಹೀಗೆ ಗುರುತಿಸುತ್ತಾರೆ ಮಕ್ಕಳೇ' ಎಂದು ಬೋರ್ಡಿನ ಮೇಲೆ ಅದೇ ಗೆರೆ ಎಳೆದ ಕೈ ಇದು!

ಭಾವ ಒಂದು ಹೆಜ್ಜೆ ಮುಂದೆ ಬಂದರು. ಆಗ ನಾನು ಮಾಡಬೇಕಾಗಿದ್ದದ್ದು ಒಂದೇ. 'ತಪ್ಪಾಯ್ತು ಭಾವ' ಎನ್ನಬೇಕಿತ್ತು. ಎರಡು ಪದ. ಅದರ ಬದಲು ನನ್ನ ಬಾಯಿಂದ ಬಂದದ್ದು ಹೀಗೆ.

"ಹೌದು ಭಾವ! ಒಂದೇ ಟ್ರಿಪ್ಪಲ್ಲಿ ಎರಡು ದೇಶ! ನಿಮ್ಗೆಲ್ಲಾ ಸರ್‌ಪ್ರೈಸ್ ಕೊಡೋಣ ಅಂತ ಹೇಳಿರ್ಲಿಲ್ಲ!"

ಮಕ್ಕಳು ಹೋ ಎಂದು ಕುಣಿದವು. ಭಾವ ಅರೆಗಳಿಗೆ ನನ್ನ ಮುಖ ನೋಡಿ, "ಪರವಾಗಿಲ್ವೇ!" ಎಂದರು. ಅಲ್ಲೇ ಊರಿಗೆ ಫೋನ್ ಮಾಡಿ ತಮ್ಮ ಸ್ನೇಹಿತರಿಗೆ, "ನಮ್ ಸುಧಾ ಎರಡು ದೇಶ ತೋರಿಸ್ತಿದಾಳೆ ಕಣಯ್ಯಾ" ಎಂದು ಕೊಚ್ಚಿಕೊಂಡರು. ಧನ್ಯಾ ಮಾತ್ರ ನನ್ನ ಪಕ್ಕ ಬಂದು, "ಅಮ್ಮ, ನಿಂಗ್ ಗೊತ್ತಿರ್ಲಿಲ್ಲ ಅಲ್ವಾ?" ಎಂದಳು. ನಾನು ಅವಳ ಕೈಗೆ ಒಂದು ಚೀಲ ಕೊಟ್ಟೆ.

ಆ ಸುಳ್ಳು ಗಡಿಯವರೆಗೂ ಬಾಳಿತು. ಸಿಂಗಾಪೂರ್ ಕಡೆಯ ಕಟ್ಟಡದಲ್ಲಿ ಹೊರಗೆ ಹೋಗುವ ಸಾಲು, ಆಮೇಲೆ ಬಸ್ಸು, ಸೇತುವೆ, ಆಮೇಲೆ ಮಲೇಷ್ಯಾ ಕಡೆಯ ಕಟ್ಟಡದಲ್ಲಿ ಒಳಗೆ ಹೋಗುವ ಸಾಲು. ಪ್ರತಿ ಕಡೆಯೂ ಹದಿನೇಳು ಚೀಲ ಇಳಿಸಿ, ಹತ್ತಿಸಿ, ಮತ್ತೆ ಇಳಿಸಿ. ಒಂದು ಚೀಲದ ತುಂಬ ಜಯಕ್ಕನ ರಾಗಿ ಹಿಟ್ಟು. ಕೊನೆಗೆ ಮಲೇಷ್ಯಾದ ಕೌಂಟರಿನಲ್ಲಿದ್ದ ಹೆಣ್ಣುಮಗಳು ಕೇಳಿದಳು. ಆನ್‌ಲೈನ್ ಆಗಮನ ಅರ್ಜಿ ಎಲ್ಲಿ?

ನಾನು ಬೆಪ್ಪಾಗಿ ನೋಡಿದೆ. ಆಕೆ ಗೋಡೆಯ ಪಕ್ಕ ಕೈ ತೋರಿಸಿದಳು. ಹನ್ನೊಂದು ಜನವೂ ನೆಲದ ಮೇಲೆ ಪಂಕ್ತಿಯಲ್ಲಿ ಕೂತೆವು. ಎಲೆಯೊಂದು ಹಾಕಿರಲಿಲ್ಲ, ಅಷ್ಟೇ. ನಾನು ಮತ್ತು ಧನ್ಯಾ ಒಬ್ಬೊಬ್ಬರದೇ ಅರ್ಜಿಯನ್ನು ಫೋನಿನಲ್ಲಿ ತುಂಬತೊಡಗಿದೆವು. ಐದನೇ ಅರ್ಜಿಗೆ ಫೋನಿನ ಚಾರ್ಜು ಹೋಯಿತು. ಭಾವ ತಮ್ಮ ಫೋನು ಕೊಡುತ್ತಾ, ಬಹಳ ಶಾಂತವಾಗಿ ಕೇಳಿದರು.

"ಸುಧಾ, ಸರ್‌ಪ್ರೈಸ್ ಅಂದ್ಯಲ್ಲಮ್ಮ. ಅದು ನಿಂಗೂ ಸರ್‌ಪ್ರೈಸೇನಾ?"

ನಾನು ಅವರ ಫೋನಿನಲ್ಲಿ ಐದನೇ ಅರ್ಜಿಯನ್ನು ಮತ್ತೆ ಮೊದಲಿನಿಂದ ತೆರೆದೆ. ಅವರಿಗೆ ಉತ್ತರ ಬೇಕಾಗಿಯೂ ಇರಲಿಲ್ಲ. ಅವರು ಜಯಕ್ಕನ ಕಡೆ ತಿರುಗಿ, "ಏಜೆಂಟ್ ಇದ್ದಿದ್ರೆ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಪೂರ್ತಿ ಹೇಳಿದ್ದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ನಮ್ಮವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅತ್ತೆ ಮಾತ್ರ ನಿಪ್ಪಟ್ಟಿನ ಡಬ್ಬಿ ತೆಗೆದು, "ಕೂತಿದ್ದೀರಲ್ಲ, ತಿನ್ನಿ" ಎಂದರು.

ಹೋಟೆಲ್ ತಲುಪಿ, ರೂಮುಗಳ ಬೀಗದ ಕಾರ್ಡು ಹಂಚುವಾಗ ಜಯಕ್ಕ ಒಂದು ಪ್ರಶ್ನೆ ಕೇಳಿದರು. ಅವರು ಎಂದೂ ಜೋರಾಗಿ ಮಾತಾಡಿದವರಲ್ಲ. ಅವರ ಪ್ರಶ್ನೆಗಳು ಸೂಜಿಯಂತೆ ಮೆಲ್ಲಗೆ ಇಳಿಯುತ್ತವೆ.

"ಅಲ್ಲಾ ಸುಧಾ, ಒಂದ್ಸಲ ಸಿಂಗಾಪೂರ್ ಬಿಟ್ಟು ಆಚೆ ಬಂದ್ವಲ್ಲ, ನಾಳೆ ಮತ್ತೆ ಒಳಗ್ ಬಿಡ್ತಾರಾ?"

ವೀಸಾ ಒಂದೇ ಸಲ ಒಳಹೋಗುವುದಕ್ಕಾದರೆ ಕಥೆ ಮುಗಿದಂತೆ. ಪಾರ್ಕು ಹೋಯಿತು, ವಾಪಸ್ ಹೋಗುವ ವಿಮಾನವೂ ಆ ಕಡೆಯೇ ಇದೆ! ಕಡತ ತೆಗೆದು ವೀಸಾದ ಹಾಳೆ ಹುಡುಕಿದೆ. 'ಮಲ್ಟಿಪಲ್' ಎಂದಿತ್ತು. ಎಷ್ಟು ಸಲ ಬೇಕಾದರೂ ಹೋಗಬಹುದು. ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡೆ. "ಬಿಡ್ತಾರೆ ಅಕ್ಕ, ಅದನ್ನೆಲ್ಲ ಮೊದ್ಲೇ ನೋಡಿದೀನಿ" ಎಂದೆ. ನಾಲಿಗೆಗೆ ಮೂಳೆಯಿಲ್ಲ ನೋಡಿ.

ಮಾರನೇ ದಿನ ಬೆಳಗ್ಗೆ ಆರಕ್ಕೇ ಹೊರಟೆವು. ಪಾರ್ಕು ತೆರೆಯುವುದು ಹತ್ತಕ್ಕೆ, ದೂರ ಮೂವತ್ತು ಕಿಲೋಮೀಟರ್. ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೋಗಿ ಬರುವಷ್ಟು ದೂರ. ಆದರೆ ನಮ್ಮ ಮೆಜೆಸ್ಟಿಕ್ಕಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಯಾರೂ ಹೆಬ್ಬೆಟ್ಟು ಕೇಳುವುದಿಲ್ಲ. ಅಂದು ರಜಾದಿನವಂತೆ. ಆ ದೇಶದ ಜನವೆಲ್ಲ ಈ ದೇಶಕ್ಕೆ, ಈ ದೇಶದ ಜನವೆಲ್ಲ ಆ ದೇಶಕ್ಕೆ ಹೊರಟಂತಿತ್ತು. ಸಾಲು ಮೆಟ್ಟಿಲಿಳಿದು, ತಿರುಗಿ, ಇನ್ನೊಂದು ಮಹಡಿಗೆ ಹತ್ತಿತ್ತು. ಒಂದು ಗಂಟೆಯಲ್ಲಿ ನಾವು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಬಂದೆವು.

ಅವಳಿಗಳಲ್ಲಿ ಒಬ್ಬ ರವಿಯನ್ನು ಕೇಳಿದ. "ಅಪ್ಪ, ರೋಲರ್ ಕೋಸ್ಟರ್ ಎಲ್ಲಿ?"

"ಇನ್ನು ಎರಡು ಕಂಬ ಆದ್ಮೇಲೆ ಮಗಾ" ಎಂದ ರವಿ.

ಸಿಂಗಾಪೂರ್ ಕಡೆಯ ಯಂತ್ರಕ್ಕೆ ಅತ್ತೆಯ ಹೆಬ್ಬೆರಳು ಹಿಡಿಸಲಿಲ್ಲ. ಸೊಪ್ಪು ಕಿತ್ತು, ಕಟ್ಟು ಕಟ್ಟಿ ಸವೆದ ಬೆರಳು ಅದು. ಒತ್ತಿದರು, ಕೆಂಪು ದೀಪ. ಸೆರಗಿನಿಂದ ಒರೆಸಿ ಒತ್ತಿದರು, ಕೆಂಪು ದೀಪ. ನಾಲ್ಕನೇ ಸಲಕ್ಕೆ ಹಸಿರು ದೀಪ ಹತ್ತಿ ಬಾಗಿಲು ತೆರೆದುಕೊಂಡಾಗ ನಮ್ಮ ಹಿಂದಿದ್ದ ಚೀನೀ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಿದರು.

ಪಾರ್ಕಿನ ಬಾಗಿಲಿಗೆ ನಾವು ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಟಿಕೆಟ್ ತೋರಿಸುವ ಗೇಟಿನಲ್ಲಿ ಅತ್ತೆ ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡು ಯಂತ್ರದ ಮೇಲೆ ಒತ್ತಿ ನಿಂತರು. ಗೇಟಿನ ಹುಡುಗಿ ಏನೂ ತಿಳಿಯದೆ ನಕ್ಕಳು. "ಇದ್ ಯಾವ ದೇಸ ಕಣವ್ವಾ?" ಎಂದು ಅತ್ತೆ ನನ್ನನ್ನು ಕೇಳಿದರು.

ಒಳಗೆ ಎಲ್ಲ ಆಟಕ್ಕೂ ಫಲಕವಿತ್ತು. ಒಂದರ ಮುಂದೆ ಕಾಯಬೇಕಾದ ಸಮಯ ನೂರು ನಿಮಿಷ, ಇನ್ನೊಂದಕ್ಕೆ ನೂರಿಪ್ಪತ್ತು. ಮಕ್ಕಳ ಮುಖ ಬಾಡಿತು. ಬೆಳಗ್ಗೆಯಿಂದ ಸಾಲಿನಲ್ಲೇ ನಿಂತಿದ್ದ ಕಾಲುಗಳು ಅವು. ನಾನು ನಾಯಕಿಯಲ್ಲವೇ, ಪಾರ್ಕೆಲ್ಲ ಓಡಾಡಿ, ಬರೀ ಹದಿನೈದು ನಿಮಿಷ ಎಂದು ಬರೆದಿದ್ದ ಒಂದು ಆಟವನ್ನು ಪತ್ತೆ ಹಚ್ಚಿದೆ. ನೀರಿನ ಮೇಲೆ ದುಂಡನೆಯ ದೋಣಿ.

"ಬನ್ನಿ ಬನ್ನಿ! ಜನಕ್ಕೆ ಇದು ಗೊತ್ತೇ ಇಲ್ಲ!"

ಜನಕ್ಕೆ ಗೊತ್ತಿತ್ತು. ಗೊತ್ತಿದ್ದೇ ದೂರ ಇದ್ದರು.

ಅತ್ತೆ ತಾವು ಬರುವುದಿಲ್ಲವೆಂದು ಬೆಂಚಿನ ಮೇಲೆ ಕೂತರು. ನನ್ನ ಸೊಂಟದಲ್ಲಿ ಒಂದು ಬಟ್ಟೆಯ ಚೀಲವಿತ್ತು, ಅದರಲ್ಲಿ ಹನ್ನೊಂದು ಪಾಸ್‌ಪೋರ್ಟು. "ಆ ಚೀಲ ಇಲ್ಲಿ ಕೊಟ್ಟೋಗವ್ವಾ" ಎಂದರು ಅತ್ತೆ.

"ಬೇಡ ಅತ್ತೆ, ಇದು ಜವಾಬ್ದಾರಿ ವಿಷಯ. ನನ್ ಹತ್ರಾನೇ ಇರ್ಲಿ" ಎಂದೆ. ಸಾಮಾನಿಡುವ ಬೀರುವೂ ಇತ್ತು. ಅದಕ್ಕೆ ಬಾಡಿಗೆ ಕೇಳುತ್ತಿದ್ದರು. ಬಜೆಟ್!

ದೋಣಿ ಕತ್ತಲಿನ ಗುಹೆಯೊಳಗೆ ಹೋಯಿತು, ತಿರುಗಿತು, ಮೇಲಕ್ಕೆ ಹೋಯಿತು, ಒಂದು ಕ್ಷಣ ನಿಂತಿತು. ಆಮೇಲೆ ಕೆಳಕ್ಕೆ ಬಿತ್ತು. ಒಂದು ಕೆರೆಯ ನೀರು ಎದ್ದು ಬಂದು ನನ್ನೊಬ್ಬಳ ಮಡಿಲಲ್ಲೇ ಕೂತಿತು. ಹೊರಗೆ ಬಂದಾಗ ಮಕ್ಕಳು ಕೇಕೆ ಹಾಕಿ ನಗುತ್ತಿದ್ದವು. ನಾನು ಚೀಲದ ಜಿಪ್ಪು ಎಳೆದೆ. ಅದರೊಳಗಿಂದ ನೀರು ಸುರಿಯಿತು.

ಪಾಸ್‌ಪೋರ್ಟುಗಳು ಹಾಲಿಗೆ ಬಿದ್ದ ರಸ್ಕಿನಂತೆ ಉಬ್ಬಿಕೊಂಡಿದ್ದವು. ಇನ್ನು ಮೂರು ಗಂಟೆಯಲ್ಲಿ ಇವನ್ನೇ ಹಿಡಿದುಕೊಂಡು ಗಡಿ ದಾಟಬೇಕು. ದಾಟಲು ಬಿಡದಿದ್ದರೆ? ಹನ್ನೊಂದು ಜನ ಎಲ್ಲಿ ಮಲಗುವುದು? ನಮ್ಮ ಬಟ್ಟೆ ಬರೆ ಒಂದು ದೇಶದಲ್ಲಿ, ನಾವು ಇನ್ನೊಂದು ದೇಶದಲ್ಲಿ. ಅಲ್ಲಿಯವರೆಗೆ ತಡೆದಿದ್ದ ನನಗೆ ಅಳು ಬಂದುಬಿಟ್ಟಿತು. ಒದ್ದೆ ಬಟ್ಟೆಯಲ್ಲಿ ನಿಂತು, ಮಾಡದ ತಪ್ಪುಗಳನ್ನೂ ಸೇರಿಸಿ ಒಪ್ಪಿಕೊಂಡೆ.

"ಭಾವ, ತಪ್ಪಾಯ್ತು. ಸರ್‌ಪ್ರೈಸೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಆ ಗೆರೆ ಮೆಟ್ರೋ ಅಂದ್ಕೊಂಡಿದ್ದೆ."

"ಮೆಟ್ರೋನಾ?" ಎಂದರು ಭಾವ.

"ಹೂಂ. ಕೆಲ್ಸ ನಡೀತಿದೆ ಅಂತ."

ಭಾವನ ಮುಖದಲ್ಲಿ ಏನೋ ಅಲುಗಾಡಿತು. ಸಿಟ್ಟು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಎದ್ದು, ಸೆರಗನ್ನು ಬೆಂಚಿನ ಮೇಲೆ ಹರಡಿ, ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ಬಿಡಿಸಿ ಸಂಡಿಗೆಯಂತೆ ಒಣಹಾಕತೊಡಗಿದರು. "ಅತ್ರೆ ಒಣಗ್ತದೇನವ್ವಾ? ಗಾಳಿ ಬೇಕು, ಗಾಳಿ" ಎಂದರು. ಗಾಳಿ ಎಂದ ಕೂಡಲೇ ರವಿಗೆ ಹೊಳೆಯಿತು. ಶೌಚಾಲಯದಲ್ಲಿ ಕೈ ಒಣಗಿಸುವ ಬಿಸಿಗಾಳಿ ಯಂತ್ರಗಳಿದ್ದವು.

ಹೆಂಗಸರ ಕಡೆ ಸಾಲಿತ್ತು. ಹಾಗಾಗಿ ಮೂವರು ಅಣ್ಣತಮ್ಮಂದಿರೂ ಪಾಸ್‌ಪೋರ್ಟುಗಳನ್ನು ಎತ್ತಿಕೊಂಡು ಗಂಡಸರ ಶೌಚಾಲಯದೊಳಗೆ ಹೋದರು. ನಾವು ಹೆಂಗಸರು ಹೊರಗೆ ನಿಂತೆವು. ಹತ್ತು ನಿಮಿಷ ಯಂತ್ರದ ಭೋರೆನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಭಾವನ ಧ್ವನಿ ಕೇಳಿಸಿತು.

"ಲೇ ಮಂಜಾ, ಈ ಕಡೆ ಗಟ್ಟಿಯಾಗಿ ಹಿಡ್ಕೊಳೋ! ಹಾಳೆ ಕಿತ್ಕೊಂಡ್ ಹೋಗುತ್ತೆ!"

ಮಂಜ ಎಂದರೆ ನಮ್ಮವರು. ಧನ್ಯಾ ನನ್ನ ಕೈ ಹಿಡಿದುಕೊಂಡಳು. ಎರಡು ವರ್ಷದಲ್ಲಿ ಅವಳ ಸಹಾಯವಿಲ್ಲದೆ ಹೋದ ಮೊದಲ ಮಾತು ಅದು.

"ಹಿಡ್ಕೊಂಡಿದೀನಿ ಕಣಣ್ಣಾ, ನೀನ್ ಮೊದ್ಲು ಆ ಫೋಟೋ ಪುಟ ತಿರ್ಗಿಸು. ನೋಡಿಲ್ಲಿ, ನಿನ್ ಮೀಸೆ ಅಳಿಸ್ಹೋಗ್ತಿದೆ!"

"ಅದ್ ಮೀಸೆ ಅಲ್ವೋ, ನೀರು!"

ಆಮೇಲೆ ನಗು. ಮೊದಲು ಒಬ್ಬರದು, ಆಮೇಲೆ ಇನ್ನೊಬ್ಬರದು. ಆಮೇಲೆ ಮೂವರೂ ಉಸಿರು ಸಿಕ್ಕಿಸಿಕೊಂಡು ನಗುತ್ತಿದ್ದರು. ನಡುವೆ ಭಾವನ ದನಿ ಏರಿತು. "ಮೆಟ್ರೋ ಅಂತೆ ಕಣೋ! ಕೆಲ್ಸ ನಡೀತಿದೆ ಅಂತೆ!" ಒಳಗೆ ಹೋದ ವಿದೇಶೀಯರೊಬ್ಬರು ಗಾಬರಿಯಾಗಿ ಹಾಗೇ ಹೊರಗೆ ಬಂದರು. ಅತ್ತೆ ಬೆಂಚಿನ ಮೇಲೆ ಕೂತು ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು. "ನೀರ್ ಸಿಡ್ದು ನನ್ ಕಣ್ಗೂ ಬಿತ್ತು ನೋಡು" ಎಂದರು. ಅವರು ದೋಣಿ ಹತ್ತಿರವೂ ಹೋಗಿರಲಿಲ್ಲ.

ಅಂದು ಸಂಜೆ ಗಡಿಯಲ್ಲಿ ಹತ್ತು ಪಾಸ್‌ಪೋರ್ಟುಗಳು ಗರಿಗರಿಯಾಗಿ, ಹಪ್ಪಳದಂತೆ ಸದ್ದು ಮಾಡುತ್ತಾ ದಾಟಿದವು. ಹನ್ನೊಂದನೆಯದನ್ನು ಯಂತ್ರ ಓದಲಿಲ್ಲ. ಯಾರದೆಂದು ಹೇಳಬೇಕಾಗಿಲ್ಲವಷ್ಟೇ. ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಗಾಜಿನಾಚೆ ಹತ್ತು ಜನ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಅಧಿಕಾರಿ ಪಾಸ್‌ಪೋರ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಏನು ಕೆಲಸ ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಟೀಚರ್" ಎಂದೆ.

"ಏನು ಕಲಿಸುತ್ತೀರಿ?"

ಅವನ ಹಿಂದಿನ ಗೋಡೆಯ ಮೇಲೆ ಎರಡು ದೇಶಗಳ ದೊಡ್ಡದೊಂದು ಭೂಪಟ ತೂಗುಹಾಕಿದ್ದರು. ನಡುವೆ ಚುಕ್ಕೆ ಗೆರೆ.

"ಮಕ್ಕಳಿಗೆ ಕಲಿಸುತ್ತೇನೆ" ಎಂದೆ.

ಆತ ಪಾಸ್‌ಪೋರ್ಟ್ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಕೈಯಲ್ಲೇ ಒತ್ತಿ ನೋಡಿ, ಊರಿಗೆ ಹೋದ ಮೇಲೆ ಹೊಸದು ಮಾಡಿಸಿಕೊಳ್ಳಿ ಎಂದು ಬುದ್ಧಿ ಹೇಳಿ ಬಿಟ್ಟುಬಿಟ್ಟ. ಹೊರಗೆ ಬಂದಾಗ ಭಾವ ನನ್ನ ಕೈಯಿಂದ ಆ ಬಟ್ಟೆಯ ಚೀಲ ತೆಗೆದುಕೊಂಡರು. ಅದನ್ನು ಜಯಕ್ಕನಿಗೆ ಕೊಟ್ಟರು. ಆ ಪ್ರವಾಸದಲ್ಲಿ ನನ್ನ ಅಧಿಕಾರಾವಧಿ ಅಲ್ಲಿಗೆ ಮುಗಿಯಿತು.

ಮಾರನೇ ದಿನ ಸಿಂಗಾಪೂರ್ ಸುತ್ತುವುದಿತ್ತು. ಗಡಿ ದಾಟೋಣವೇ ಎಂದು ಕೇಳಿದ್ದಕ್ಕೆ ಒಬ್ಬರೂ ಹಾಸಿಗೆಯಿಂದ ಏಳಲಿಲ್ಲ. ಹೋಟೆಲಿನ ಈಜುಕೊಳದ ಸುತ್ತ ಕೂತು, ಬಿಸಿನೀರಿನಲ್ಲಿ ಜಯಕ್ಕ ಕಲಸಿ ಕೊಟ್ಟ ರಾಗಿ ಅಂಬಲಿ ಕುಡಿದು, ಅಣ್ಣತಮ್ಮಂದಿರು ಸಂಜೆಯವರೆಗೂ ಇಸ್ಪೀಟು ಆಡಿದರು. ಅತ್ತೆ ನೀರಿಗೆ ಕಾಲು ಇಳಿಬಿಟ್ಟು ಅವರನ್ನೇ ನೋಡುತ್ತಿದ್ದರು. ನಾವು ಹೊರದೇಶದಲ್ಲಿ ನೋಡಿದ್ದು ಇಷ್ಟೇ.

ಊರಿಗೆ ಬಂದು ಒಂದು ತಿಂಗಳಾದ ಮೇಲೆ, ಒಂದು ಭಾನುವಾರ, ಎಲ್ಲರೂ ಕೆಳಗಿನ ಮನೆಯಲ್ಲಿ ಮುದ್ದೆ, ಉಪ್ಸಾರು ಊಟಕ್ಕೆ ಕೂತಿದ್ದೆವು. ಭಾವ ಕೈ ತೊಳೆಯುತ್ತಾ ಹೇಳಿದರು.

"ಮುಂದಿನ್ ವರ್ಷ ಅಮ್ಮನ್ನ ಕಾಶಿಗೆ ಕರ್ಕೊಂಡ್ ಹೋಗೋಣ. ಎಲ್ರೂನೂ. ಟಿಕೆಟ್ಟು ರೂಮು ಎಲ್ಲಾ ಸುಧಾನೇ ಮಾಡ್ಲಿ."

ನಾನು ನಂಬಲಿಲ್ಲ. ತಮಾಷೆಯೇ ಎಂದು ಮುಖ ನೋಡಿದೆ. ಅವರು ನಿಜವಾಗಿಯೇ ಹೇಳುತ್ತಿದ್ದರು. ನಮ್ಮವರೂ "ಹೂಂ, ಮಾಡ್ಲಿ" ಎಂದರು.

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಾಡ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಕಾಸಿ ಯಾವ ದೇಸ್ದಾಗೈತೆ ಅಂತ ಮೊದ್ಲು ಯಾರ್ನಾದ್ರೂ ಕೇಳ್ಕೊಳ್ಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದ ಹಾಗೆ ಬಾಗಿಲ ಮರೆಯಲ್ಲಿ ನಿಂತು, ಫೋನಿನಲ್ಲಿ ಭೂಪಟ ತೆಗೆದು ನೋಡಿಕೊಂಡೆ.

ಭಾರತದಲ್ಲೇ ಇದೆ.